ಐದನೇ ಕ್ಲಾಸಿನ ಬಿ.ಪಿ. ಸಂಡಿಗೆ

ಒಂದು ಭಾನುವಾರ ಬೆಳಿಗ್ಗೆ, ನಾನಿನ್ನೂ ಕಾಫಿ ಲೋಟ ಕೆಳಗಿಡುವ ಮೊದಲೇ, ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಬಂದು ಕೂತಿತ್ತು. "ಸರ್, ಈ ವಾರ ಮಕ್ಕಳು ಗಣಿತದಲ್ಲಿ ಏನು ಕಲಿತರು? ದಯವಿಟ್ಟು ಪುಟದ ನಂಬರ್ ತಿಳಿಸಿ."

ಆ ವಾರ ನನ್ನ ಐದನೇ ಕ್ಲಾಸಿನ ಮಕ್ಕಳು ಶಾಲೆಯ ಹಿಂದಿನ ನೀರಿನ ತೊಟ್ಟಿಯನ್ನು ಬಿಂದಿಗೆಯಿಂದ ಅಳೆದಿದ್ದರು. ಎಷ್ಟು ಬಿಂದಿಗೆ ಹಿಡಿಯುತ್ತದೆ ಎಂದು ಮೊದಲು ಊಹಿಸಿ, ಆಮೇಲೆ ತುಂಬಿ ನೋಡಿ, ತಮ್ಮ ಊಹೆಗೆ ತಾವೇ ನಕ್ಕು, ಎಲ್ಲರೂ ಒದ್ದೆಯಾಗಿ ಮನೆಗೆ ಹೋಗಿದ್ದರು. ಅದಕ್ಕೆ ಪುಟದ ನಂಬರ್ ಇರಲಿಲ್ಲ. ನಾನು ಉತ್ತರವನ್ನು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಒಂದು ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾದೆ. ಮೂವತ್ತು ವರ್ಷದ ಹತ್ತಿರ ಗಣಿತ ಪಾಠ ಮಾಡಿದವನ ಉತ್ತರ ಅದು.

ನಮ್ಮದು ಗಾಂಧಿ ಬಜಾರಿಗೂ ಗವಿಪುರಕ್ಕೂ ನಡುವೆ, ಕಲ್ಲುಗೋಡೆಯ ಹಳೇ ಕಟ್ಟಡದಲ್ಲಿರುವ ಸಣ್ಣ ಶಾಲೆ. ಮೊದಲು ಕೈಯಿಂದ ಮಾಡಿ, ಕಣ್ಣಿಂದ ನೋಡಿ, ಆಮೇಲೆ ಪುಸ್ತಕ ತೆಗೆಯುವ ಕ್ರಮವನ್ನು ಒಂದು ಕ್ಲಾಸಿನಲ್ಲಿ ಒಂದು ವರ್ಷ ನಡೆಸಿ ನೋಡೋಣವೆಂದು ಎಚ್.ಎಂ. ಮೇಡಂ ಟ್ರಸ್ಟಿನವರನ್ನು ಒಪ್ಪಿಸಿದ್ದರು. ಇಂಥ ಕೆಲಸಕ್ಕೆ ಗಟ್ಟಿ ಗುಂಡಿಗೆಯವರು ಬೇಕು. ನಾನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸ್ ಹೋಗುವ ಜಾತಿಯವನು. ಮಕ್ಕಳನ್ನು ಕಾಂಪೌಂಡ್ ದಾಟಿಸಿದ ದಿನವೆಲ್ಲ ಮನಸ್ಸಿನಲ್ಲೇ ತಲೆ ಎಣಿಸುತ್ತಿರುತ್ತೇನೆ. ಬೇರೆ ಯಾರೂ ಒಪ್ಪದಿದ್ದರಿಂದ ಕೆಲಸ ನನ್ನ ಪಾಲಿಗೆ ಬಂತು.

ಪುಟದ ನಂಬರ್ ಕೇಳಿದವರು ಕ್ಲಾಸಿನ ಕನ್ನಡಕದ ಹುಡುಗಿಯ ತಂದೆ, ಬ್ಯಾಂಕಿನಲ್ಲಿ ಅಧಿಕಾರಿ. ಮಾರನೇ ದಿನ ಅವರೇ ಶಾಲೆಗೆ ಬಂದರು. ಮಕ್ಕಳ ಕಿರಿದಾದ ಬೆಂಚಿನ ಮೇಲೆ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ತಪ್ಪು ತಿಳ್ಕೋಬೇಡಿ ಸರ್. ನೀವು ಒಳ್ಳೇವ್ರು. ಮಗಳು ಮನೇಲಿ ಬರೀ ನಿಮ್ಮ ವಿಷಯಾನೇ ಮಾತಾಡ್ತಾಳೆ. ನನಗೆ ಭಯ ಆಗಿರೋದೇ ಅದಕ್ಕೆ."

"ಭಯ ಯಾಕೆ ಸರ್?"

"ನಮ್ಮಪ್ಪ ಬಿನ್ನಿಪೇಟೆಲಿ ಮಿಲ್ ಕೆಲಸದಲ್ಲಿದ್ರು. ಒಂದು ರೂಮಿನ ಮನೆ. ನಾನು ಉರು ಹೊಡೆದೇ ಪಾಸಾಗಿದ್ದು, ಉರು ಹೊಡೆದೇ ಈ ಕೆಲಸ ತಗೊಂಡಿದ್ದು. ಆಡ್ತಾ ಆಡ್ತಾ ಕಲಿಯೋದೆಲ್ಲ, ಬಿದ್ರೆ ಎತ್ತೋರು ಇರೋ ಮನೆ ಮಕ್ಕಳಿಗೆ ಸರಿ. ನನ್ನ ಮಗಳು ಬಿದ್ರೆ ಯಾರಿದಾರೆ ಹೇಳಿ?"

ಇಂಥ ಪ್ರಶ್ನೆಯನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೆ, ಅಷ್ಟು ಚೆನ್ನಾಗಿ ಕೇಳಿಕೊಂಡಿರಲಿಲ್ಲ.

"ಕುಮಾರ ಪಾರ್ಕ್ ಕಡೆ ಒಂದು ಸ್ಕೂಲಲ್ಲಿ ಸೀಟ್ ಮಾತಾಡಿದೀನಿ. ಮಾರ್ಚ್ ಕೊನೇಲಿ ಹೇಳ್ಬೇಕು. ಅದಕ್ಕೆ ಮುಂಚೆ ಪೇರೆಂಟ್ಸ್ ಮೀಟಿಂಗ್ ಇದೆಯಲ್ಲ, ಅಲ್ಲಿ ಏನಾದ್ರೂ ತೋರ್ಸಿ. ನೋಡಿ ಹೇಳ್ತೀನಿ," ಎಂದು ಎದ್ದರು.

ಎಚ್.ಎಂ. ಮೇಡಂಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವ್ರು ಒಬ್ರು ಹೋದ್ರೆ ಹಿಂದೇನೇ ನಾಲ್ಕು ಮನೆಯವ್ರು ಹೊರಡ್ತಾರೆ ಮೇಷ್ಟ್ರೇ. ಆಮೇಲೆ ಟ್ರಸ್ಟಿನವ್ರು ಎರಡು ಕ್ಲಾಸ್ ಒಟ್ಟಿಗೆ ಕೂರ್ಸಿ, ಗೈಡ್ ಕೊಟ್ಟು ಓದ್ಸಿ ಅಂತಾರೆ. ನಿಮ್ಮ ತೊಟ್ಟಿ, ಬಿಂದಿಗೆ, ಎಲ್ಲ ಅಲ್ಲಿಗೆ ಮುಗೀತು."

ಏನು ತೋರಿಸಬೇಕೆಂಬುದನ್ನೂ ಮಕ್ಕಳೇ ಆರಿಸಬೇಕು, ಅದು ನಮ್ಮ ಕ್ರಮ. ಫೆಬ್ರವರಿಯ ಬಿಸಿಲು ಆಗಲೇ ಏರಿತ್ತು. ಶಾಲೆಯ ತಾರಸಿ ಖಾಲಿ ಬಿದ್ದಿದೆ, ಈ ಬಿಸಿಲಿನಲ್ಲಿ ಅಲ್ಲಿ ಏನು ಮಾಡಬಹುದೆಂದು ಕೇಳಿದೆ.

"ಮೊಟ್ಟೆ ಒಡೆದು ಹಾಕಿದ್ರೆ ಆಮ್ಲೆಟ್ ಆಗುತ್ತೆ ಸಾರ್," ಎಂದ ಹಿಂದಿನ ಬೆಂಚಿನ ಬಾಯಾಳಿ ಹುಡುಗ.

"ಎಚ್.ಎಂ. ಮೇಡಂ ನಿನ್ನನ್ನೇ ಆಮ್ಲೆಟ್ ಮಾಡ್ತಾರೆ ಕಣೋ," ಎಂದಳು ಕನ್ನಡಕದ ಹುಡುಗಿ.

ಆ ದಿನ ಬಾಯಾಳಿಯ ಊಟದ ಡಬ್ಬಿಯಲ್ಲಿ ಸಬ್ಬಕ್ಕಿ ಸಂಡಿಗೆ ಇತ್ತು. ಇದನ್ನು ಯಾರು ಮಾಡಿದ್ದೆಂದು ಕೇಳಿದೆ. ಅಂಗಡಿಯವರು ಎಂದ. ಅಂಗಡಿಯವರಿಗೆ ಯಾರು ಮಾಡಿಕೊಟ್ಟರು? ಇನ್ನೊಂದು ಅಂಗಡಿಯವರು. ಇಡೀ ಕ್ಲಾಸಿನಲ್ಲಿ ಸಂಡಿಗೆ ಇಡುವುದನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಬಹಳಷ್ಟು ಜನರ ಅಪಾರ್ಟ್‌ಮೆಂಟಿನಲ್ಲಿ ತಾರಸಿಗೆ ಬೀಗ.

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಶಿವರಾತ್ರಿ ಕಳೆಯಿತೆಂದರೆ ಅಲ್ಲಿಯ ತಾರಸಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಂದೊಂದು ಮನೆಗೂ ಒಂದೊಂದು ಹಳೇ ಪಂಚೆ, ಅದರ ಮೇಲೆ ಸಾಲು ಸಾಲು ಬಿಳಿ ಚುಕ್ಕೆ. ಕಾಗೆ ಓಡಿಸುವ ಕೆಲಸ ಮಕ್ಕಳದು. ಒಂದು ಕಪ್ಪು ಕೊಡೆ ಬಿಡಿಸಿಟ್ಟು ಅದರ ನೆರಳಿನಲ್ಲಿ ಕೂತು, ಮೇಲೆ ಗರಿಯಾಗಿ ಒಳಗೆ ಇನ್ನೂ ಮೆತ್ತಗಿರುವ ಸಂಡಿಗೆಯನ್ನು ಪಂಚೆಯಿಂದ ಕಿತ್ತು ಕಿತ್ತು ತಿನ್ನುತ್ತಿದ್ದೆವು. ಅದಕ್ಕಿಂತ ರುಚಿಯಾದದ್ದನ್ನು ನಾನು ಆಮೇಲೆ ತಿಂದಿಲ್ಲ. ಕಾಗೆ ತಿಂದದ್ದು ಕಡಿಮೆ, ಕಾಯುವವರು ತಿಂದದ್ದೇ ಜಾಸ್ತಿ. ಗಂಜಿ ಕಾಸುವಾಗ ಅಮ್ಮ ನನ್ನ ಅಂಗೈಗೆ ಒಂದು ಚೂರು ಹಾಕುತ್ತಿದ್ದಳು. "ಅಮ್ಮಾ, ಉಪ್ಪೇ ಇಲ್ಲ," ಎಂದು ನಾನು ಪ್ರತಿ ವರ್ಷವೂ ಹೇಳುತ್ತಿದ್ದೆ. "ಇರ್ಲಿ ಬಿಡೋ. ಮಿಕ್ಕಿದ್ದು ಬಿಸಿಲು ಹಾಕತ್ತೆ," ಎಂದು ಅವಳೂ ಪ್ರತಿ ವರ್ಷ ಹೇಳುತ್ತಿದ್ದಳು.

ಸಂಡಿಗೆ ಎಂದು ತೀರ್ಮಾನವಾಯಿತು. ಬೆಂಕಿಯ ಹತ್ತಿರ ನಾನೊಬ್ಬನೇ ಇರಬೇಕು, ಮಿಕ್ಕ ಎಲ್ಲ ಅಳತೆ, ನಿರ್ಧಾರ, ಕೆಲಸ ಮಕ್ಕಳದು. ಅವರು ಕೇಳಿದ್ದಕ್ಕೆ ನಾನು ಉತ್ತರ ಹೇಳಕೂಡದು, ಬೇಕಿದ್ದರೆ ತಿರುಗಿ ಪ್ರಶ್ನೆ ಕೇಳಬಹುದು. ಮನೆಯವರನ್ನು ಕೇಳುವಂತಿಲ್ಲ, ಫೋನು ನೋಡುವಂತಿಲ್ಲ ಎಂದು ಮಕ್ಕಳೇ ಇನ್ನೊಂದು ನಿಯಮ ಸೇರಿಸಿದರು. ಅವರು ನನಗಿಂತ ಕಟ್ಟುನಿಟ್ಟು.

ಮೊದಲ ಪ್ರಯೋಗ ಒಂದು ಲೋಟ ಸಬ್ಬಕ್ಕಿಯಲ್ಲಿ ನಡೆಯಿತು. ಹಿಂದಿನ ದಿನವೇ ನೆನೆಹಾಕಿದ್ದರು, ಅಷ್ಟು ಅವರಿಗೆ ಹೊಳೆದಿತ್ತು. ನೀರು ಎಷ್ಟೆಂಬುದು ಗೊತ್ತಿರಲಿಲ್ಲ. ಧಾರಾಳವಾಗಿ ಹಾಕಿದರು. ಗಂಜಿ ಕುದ್ದು ಸಬ್ಬಕ್ಕಿ ಗಾಜಿನ ಮಣಿಯ ಹಾಗೆ ಹೊಳೆಯತೊಡಗಿದಾಗ ಎಲ್ಲರೂ ಕೂಗಿದರು. ತಾರಸಿಯ ಮೇಲೆ, ಒದ್ದೆ ಪಂಚೆಗೆ ಒಂದೊಂದು ಚಮಚ ಬಿಟ್ಟರು. ಪ್ರತಿ ಚಮಚವೂ ಪಕ್ಕದ ಚಮಚವನ್ನು ಹುಡುಕಿಕೊಂಡು ಹೋಯಿತು. ಸಂಜೆಯ ಹೊತ್ತಿಗೆ ಪಂಚೆಯ ಮೇಲೆ ಕರ್ನಾಟಕದ ನಕ್ಷೆಯಂಥದ್ದೊಂದು ಒಣಗಿ, ಅಂಚೆಚೀಟಿಯ ಹಾಗೆ ಅಂಟಿಕೊಂಡಿತ್ತು. ಪಂಚೆ ನನ್ನದು.

ಎರಡನೆಯ ಸಲ ನೀರು ಕಡಿಮೆ ಮಾಡಿದರು. ಚಮಚ ಬಗ್ಗಿಸಿದರೂ ಬೀಳದ ಮುದ್ದೆಯಾಯಿತು. ಮೂರನೆಯದಕ್ಕೆ ಎರಡರ ನಡುವಿನ ಅಳತೆ. ಎಷ್ಟು ಲೋಟಕ್ಕೆ ಎಷ್ಟು ನೀರೆಂದು ತಾರಸಿಯ ಮೋಟುಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಅನುಪಾತ ಎಂಬ ಪದವನ್ನು ನಾನು ಅಂದು ಹೇಳಿಕೊಟ್ಟೆ, ಅದು ಮೂರು ದಿನದಿಂದ ಹೆಸರಿಲ್ಲದೆ ಅವರ ಜೊತೆಯಲ್ಲೇ ಓಡಾಡಿಕೊಂಡಿತ್ತು. ಈ ಪ್ರಯೋಗಗಳಿಗೆಲ್ಲ ಉಪ್ಪು ಹಾಕಿರಲಿಲ್ಲ. ಗಟ್ಟಿ ತೆಳುವಿನ ವಿಷಯ ಮುಗಿಯಲಿ, ರುಚಿ ಆಮೇಲೆ ಎಂದಿದ್ದರು.

ಒಂದು ಶನಿವಾರ ಬೆಳಿಗ್ಗೆ ದೊಡ್ಡ ಪಾತ್ರೆ ಏರಿತು. ಮೀಟಿಂಗಿಗೆ ಬರುವ ಎಲ್ಲ ಮನೆಯವರಿಗೂ ಸಾಕಾಗುವಷ್ಟು. ಸ್ಟೋವನ್ನು ತಾರಸಿಯ ಬಾಗಿಲ ಹತ್ತಿರ, ಗಾಳಿ ಬಾರದ ಮೂಲೆಯಲ್ಲಿಟ್ಟು, ಸುತ್ತ ಸುಣ್ಣದ ಗೆರೆ ಎಳೆದು, ಒಳಗೆ ಯಾರೂ ಬರಬಾರದೆಂದೆ. ಮರಳಿನ ಒಂದು ಬಕೆಟ್, ನೀರಿನ ಒಂದು ಬಕೆಟ್, ಸುಟ್ಟ ಗಾಯದ ಮುಲಾಮು ಜೇಬಿನಲ್ಲಿ. ಆ ಮುಲಾಮಿನ ಕೊನೇ ದಿನಾಂಕವನ್ನು ಹಿಂದಿನ ರಾತ್ರಿ ಎದ್ದು ನೋಡಿದ್ದೆ. ಸಬ್ಬಕ್ಕಿ ಬೆಂದಿತು, ಜೀರಿಗೆ ಬಿತ್ತು, ಅರೆದ ಹಸಿಮೆಣಸಿನಕಾಯಿ ಬಿತ್ತು. ಪಾತ್ರೆ ಇಳಿಸಿದೆ. ಉಪ್ಪಿನ ಅಧಿಕಾರ ಬಾಯಾಳಿಗೆ ಸಿಕ್ಕಿತ್ತು, ಅವನು ಅದಕ್ಕಾಗಿ ಚುನಾವಣೆಗೆ ನಿಂತು ಗೆದ್ದಿದ್ದ. ಅವನು ಒಂದಿಷ್ಟು ಹಾಕಿ ಕಲಸಿದ. ಆರಿದ ಮೇಲೆ ಎಲ್ಲರೂ ಅಂಗೈ ಚಾಚಿ ರುಚಿ ನೋಡಿದರು.

"ಸಪ್ಪೆ."

"ಆಸ್ಪತ್ರೆ ಗಂಜಿ ಥರ ಇದೆ ಕಣೋ!"

"ಇನ್ನೂ ಹಾಕು ಮಗಾ, ಕಂಜೂಸ್ ಮಾಡ್ಬೇಡ."

ನಾನೂ ನೋಡಿದೆ. ಸಪ್ಪೆಯಾಗಿತ್ತು. ಎಷ್ಟು ಸಪ್ಪೆ ಇರಬೇಕೋ ಅಷ್ಟು ಸಪ್ಪೆ. ಅಮ್ಮ ಅಂಗೈಗೆ ಹಾಕುತ್ತಿದ್ದ ಅದೇ ರುಚಿ ಅಷ್ಟು ವರ್ಷಗಳಾದ ಮೇಲೆ ನಾಲಿಗೆಗೆ ಬಂದು, ಒಂದು ಗಳಿಗೆ ನನಗೆ ಎಲ್ಲಿದ್ದೇನೆಂಬುದೇ ಮರೆತುಹೋಯಿತು. ಎಚ್ಚರಾಗುವಷ್ಟರಲ್ಲಿ ಬಾಯಾಳಿ ಉಪ್ಪಿನ ಡಬ್ಬಕ್ಕೆ ಮತ್ತೆ ಕೈ ಹಾಕಿದ್ದ.

ಬೇಡ ಎಂಬ ಒಂದು ಮಾತು ಸಾಕಾಗಿತ್ತು. ಹೇಳಿದರೆ ಸಂಡಿಗೆ ಚೆನ್ನಾಗಿ ಆಗುತ್ತದೆ, ಪೋಷಕರು ತಿಂದು ಖುಷಿಪಡುತ್ತಾರೆ, ಹುಡುಗಿಯ ತಂದೆ ಬಹುಶಃ ಸಮಾಧಾನಪಡುತ್ತಾರೆ. ಮಕ್ಕಳು ಮಾತ್ರ ಸಾರ್ ಹೇಳಿದರು ಎಂಬುದನ್ನಷ್ಟೇ ಕಲಿಯುತ್ತಾರೆ, ಅದನ್ನು ಅವರು ಒಂದನೇ ಕ್ಲಾಸಿನಿಂದ ಕಲಿಯುತ್ತಲೇ ಬಂದಿದ್ದಾರೆ. ಹೇಳದಿದ್ದರೆ ಅವರಿಗೆ ಒಂದು ದೊಡ್ಡ ವಿಷಯ ತಾನಾಗಿಯೇ ಸಿಗಬಹುದು. ಆದರೆ ಅದು ಸಿಗುವುದು ಮೀಟಿಂಗಿನ ದಿನ, ಬಾಯಿ ತುಂಬ ಉಪ್ಪಿನ ಜೊತೆ. ಈ ಪಾಠಕ್ಕೆ ಬೆಲೆಯಾಗಿ ಇಡೀ ಕ್ಲಾಸೇ ಹೋದರೆ? ನನಗೆ ಎರಡರಲ್ಲಿ ಒಂದನ್ನು ಆರಿಸುವ ಧೈರ್ಯ ಎಂದೂ ಇದ್ದಿಲ್ಲ. ಹೋಟೆಲಿನಲ್ಲಿ ಕೂಡ ಇಡ್ಲಿಯೋ ವಡೆಯೋ ಎಂದರೆ ಒಂದೊಂದು ಎನ್ನುವವನು.

"ಒಂದ್ನಿಮಿಷ ತಡಿ," ಎಂದೆ. "ಮತ್ತೆ ಉಪ್ಪು ಹಾಕೋಕೆ ಮುಂಚೆ, ಈಗಿರೋದ್ರಲ್ಲೇ ಒಂದು ಸಣ್ಣ ಪಾತ್ರೆ ಬೇರೆ ತೆಗೆದಿಡಿ."

"ಯಾಕೆ ಸಾರ್?"

"ನನಗೆ ಬಿ.ಪಿ. ಇದೆಯಪ್ಪ."

ಅದು ನಿಜವೇ. ನನ್ನ ಕಾಯಿಲೆಯಿಂದ ಶಿಕ್ಷಣ ಕ್ಷೇತ್ರಕ್ಕೆ ಆದ ಉಪಕಾರ ಅದೊಂದೇ. ಮಕ್ಕಳು ಅಯ್ಯೋ ಪಾಪ ಎಂದು ಒಂದು ಸಣ್ಣ ಪಾತ್ರೆ ತೆಗೆದಿಟ್ಟರು. ದೊಡ್ಡದಕ್ಕೆ ಉಪ್ಪು ಬಿತ್ತು. ಎಲ್ಲರೂ ಮತ್ತೆ ಅಂಗೈ ಚಾಚಿದರು. "ಈಗ ಸೂಪರ್!" ಎಂದರು. ಕನ್ನಡಕದ ಹುಡುಗಿ ನನ್ನ ಕೈಗೂ ಒಂದು ಚೂರು ಹಾಕಿ, "ನೀವೂ ಹೇಳಿ ಸಾರ್," ಎಂದಳು. "ಈಗ ತಿನ್ನೋಕೆ ಸರಿಯಾಗಿದೆ," ಎಂದೆ. ಅದರಲ್ಲಿ ಸುಳ್ಳಿರಲಿಲ್ಲ.

ಪಾತ್ರೆ ಎಷ್ಟು ಭಾರವಾಗಿತ್ತೆಂದರೆ ಮಕ್ಕಳು ಎತ್ತಲಾರದೆ, ಚಿಕ್ಕ ಚಿಕ್ಕ ಬಟ್ಟಲಿಗೆ ತುಂಬಿಕೊಂಡು ಓಡಾಡಿದರು. ನಾಲ್ಕು ಪಂಚೆ ತುಂಬಿತು. ತಾರಸಿಯ ತುದಿಯಲ್ಲಿ, ನನ್ನ ಒಂದು ಹಳೇ ಟವೆಲಿನ ಮೇಲೆ, ಆ ಸಣ್ಣ ಪಾತ್ರೆಯದ್ದು. ಬಾಯಾಳಿ ಅದರ ಪಕ್ಕ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದ: ಬಿ.ಪಿ. ಸಂಡಿಗೆ.

ಕೆಳಗಿಳಿದು ಎಚ್.ಎಂ. ಮೇಡಂಗೆ ನಡೆದದ್ದನ್ನು ಹೇಳಿದೆ.

"ನೋಡ್ತಾ ನಿಂತಿದ್ರಾ? ಬಾಯಿ ಬಿಡ್ಲಿಲ್ವಾ?"

"ಬಿಟ್ಟೆ ಮೇಡಂ. ಬಿ.ಪಿ. ಅಂದೆ."

"ನನಗೂ ಬರೋ ಹಾಗಿದೆ ಈಗ," ಎಂದರು. "ಮೀಟಿಂಗ್ ದಿನ ಆ ಮನುಷ್ಯ ಒಂದು ತುಂಡು ಬಾಯಿಗಿಟ್ಟು ಥೂ ಅಂದ್ರೆ ಏನ್ ಮಾಡ್ತೀರಿ? ಸುಮ್ನೆ ಗಾಂಧಿ ಬಜಾರಲ್ಲಿ ಒಳ್ಳೇ ಸಂಡಿಗೆ ಸಿಗುತ್ತೆ, ತಂದು ಕರಿದು ಕೊಟ್ಬಿಡಿ. ಮಕ್ಕಳಿಗೆ ನೀವು ಯಾವಾಗ ಬೇಕಾದ್ರೂ ಹೇಳ್ಕೊಡಬಹುದು."

ಅವರು ಹೇಳಿದ್ದು ಬುದ್ಧಿವಂತರ ಮಾತು. ಆ ಸಂಜೆ ಗಾಂಧಿ ಬಜಾರಿನ ಅಂಗಡಿಯ ಮುಂದೆ ನಿಂತೂ ಇದ್ದೆ. ಒಳಗೆ ಗಿರಾಕಿಗಳು ಬಹಳ ಇದ್ದರು. ಕಾಯುತ್ತ ಕಾಯುತ್ತ, ಆ ಮಕ್ಕಳು ತಾವು ಮಾಡದ ಸಂಡಿಗೆಯನ್ನು ತಮ್ಮದೆಂದು ಹಂಚುವುದನ್ನು ಕಲ್ಪಿಸಿಕೊಂಡೆ. ಸರದಿ ಬರುವ ಮೊದಲೇ ಹೊರಟುಬಂದೆ.

ಸೋಮವಾರ ತಾರಸಿಯ ಬಾಗಿಲು ತೆಗೆದಾಗ ಫಟಫಟ ಎಂದು ಪಾರಿವಾಳಗಳ ಹಿಂಡೇ ಎದ್ದಿತು. ನಮ್ಮ ಕಾಲದಲ್ಲಿ ಕಾಗೆ, ಈಗ ಪಾರಿವಾಳ, ಕೊಡೆ ಕಂಡರೂ ಹೆದರದವು. ಓಡಿಹೋಗಿ ನೋಡಿದೆ. ನಾಲ್ಕು ಪಂಚೆಯೂ ಹಾಗೇ ಇದ್ದವು. ಟವೆಲಿನ ಮೇಲಿನದು ಮಾತ್ರ ಮುಕ್ಕಾಲು ಪಾಲು ಮಾಯ.

"ಸಾರ್, ಪಾರಿವಾಳಕ್ಕೂ ಬಿ.ಪಿ.!" ಎಂದು ಬಾಯಾಳಿ ಬಿದ್ದು ಬಿದ್ದು ನಕ್ಕ.

ನನಗೆ ನಗು ಬರಲಿಲ್ಲ. ಎರಡನ್ನೂ ಹೋಲಿಸಿ ನೋಡಲೆಂದು ಉಳಿಸಿಕೊಂಡಿದ್ದ ಒಂದೇ ಒಂದು ಆಧಾರ ಹಕ್ಕಿಯ ಹೊಟ್ಟೆಗೆ ಹೋಗಿತ್ತು. ಕನ್ನಡಕದ ಹುಡುಗಿಯೂ ನಗಲಿಲ್ಲ. "ಅಷ್ಟು ದೊಡ್ಡ ಪಂಚೆಗಳನ್ನ ಬಿಟ್ಟು ಇದನ್ನೇ ಯಾಕೆ ತಿಂದವು?" ಎಂದು ತನ್ನಷ್ಟಕ್ಕೆ ಕೇಳಿಕೊಂಡಳು. ತುದಿಯಲ್ಲಿತ್ತಲ್ಲ, ಅದಕ್ಕೆ ಎಂದರು ಉಳಿದವರು. ಅದೂ ಇರಬಹುದು. ಪಾರಿವಾಳದ ಮನಸ್ಸು ನನಗೆ ಗೊತ್ತಿಲ್ಲ. ಅವಳು ಉಳಿದ ಕೆಲವನ್ನು ಟವೆಲಿನ ಹಿಂಬದಿಗೆ ನೀರು ಚಿಮುಕಿಸಿ ಜೋಪಾನವಾಗಿ ಬಿಡಿಸಿ, ತಟ್ಟೆಯಲ್ಲಿಟ್ಟು, ಮೇಲೆ ಜರಡಿ ಮುಚ್ಚಿದಳು. ಪಂಚೆಯದ್ದನ್ನೂ ಹಾಗೇ ಬಿಡಿಸಿ ಮತ್ತೆ ಬಿಸಿಲಿಗೆ ಹಾಕಿದರು. ಮುರಿದರೆ ಟಕ್ ಎನ್ನುವ ತನಕ ಒಣಗಿಸಿ ಡಬ್ಬಕ್ಕೆ ತುಂಬಿದರು.

ಮೀಟಿಂಗಿಗೆ ನಾಲ್ಕು ದಿನ ಮುಂಚೆ ಸ್ವಲ್ಪ ಕರಿದು ನೋಡುವುದೆಂದು ಅವರೇ ಹೇಳಿದರು. ಎಣ್ಣೆಗೆ ಬಿಟ್ಟ ಕೂಡಲೇ ಅವು ಮಲ್ಲಿಗೆಯ ಹಾಗೆ ಅರಳಿದವು. ಚಪ್ಪಾಳೆ ಬಿತ್ತು. ಬಾಯಾಳಿ ಮೊದಲು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಒಬ್ಬೊಬ್ಬರಾಗಿ ಎಲ್ಲರೂ ಕಣ್ಣು ಮುಚ್ಚಿದರು. ನೀರಿನ ಬಾಟಲಿಗಳು ಹೊರಬಂದವು.

"ಎಷ್ಟು ಸುರಿದಿದ್ಯೋ? ಮಳ್ಳ!"

"ನೀವೇ ಅಲ್ವಾ ಇನ್ನೂ ಹಾಕು ಹಾಕು ಅಂದಿದ್ದು?"

"ಆಮೇಲೆ ನೀನೇ ಕದ್ದು ಹಾಕಿದೀಯ. ಗ್ಯಾರಂಟಿ."

ಅಷ್ಟು ಹೊತ್ತಿಗೂ ಬಾಯಿ ಸೋಲದ ಹುಡುಗ ಗೋಡೆ ಕಡೆ ತಿರುಗಿ ನಿಂತುಬಿಟ್ಟ. ಅವನ ಭುಜ ಅಲುಗುತ್ತಿತ್ತು. ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಲ್ಲ ಚಿಂತೆಯನ್ನೂ ಮುಂಗಡವಾಗಿ ಮಾಡಿಟ್ಟುಕೊಳ್ಳುವ ನನಗೆ, ತಪ್ಪಿನ ಹೊರೆ ಒಬ್ಬನೇ ಮಗುವಿನ ತಲೆಯ ಮೇಲೆ ಬೀಳಬಹುದೆಂಬುದು ಹೊಳೆದೇ ಇರಲಿಲ್ಲ. ಸಾಕು, ಹೇಳಿಬಿಡೋಣ ಎಂದು ಎದ್ದೆ.

ಅಷ್ಟರಲ್ಲಿ ಕನ್ನಡಕದ ಹುಡುಗಿ, "ಅವನೊಬ್ಬನದೇ ತಪ್ಪು ಹೆಂಗಾಗುತ್ತೆ? ಎಲ್ರೂ ರುಚಿ ನೋಡಿದ್ವಿ. ಅವತ್ತು ಸರಿಯಾಗೇ ಇತ್ತು," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ನಿಮ್ಮ ಬಿ.ಪಿ. ಸಂಡಿಗೆ ಒಂದು ಕರೀರಿ," ಎಂದಳು.

ಕರಿದೆ. ಅದನ್ನು ಚೂರು ಚೂರು ಮಾಡಿ ಎಲ್ಲರೂ ತಿಂದರು. ಸಪ್ಪೆ ಎಂದು ಬೈದಿದ್ದು ಈಗ ಸರಿಯಾಗಿತ್ತು.

"ಅಂದ್ರೆ ಇದಕ್ಕೂ ಉಪ್ಪು ಜಾಸ್ತಿ ಆಗಿದೆ," ಎಂದಳು ನಿಧಾನವಾಗಿ. "ಯಾರೂ ಹಾಕಿಲ್ಲ. ಆದ್ರೂ ಜಾಸ್ತಿ ಆಗಿದೆ."

ಅವಳು ಸಂಡಿಗೆಯ ಡಬ್ಬವನ್ನು ಒಳಗಿಡಲು ಎತ್ತಿಕೊಂಡಳು. ಎರಡು ಹೆಜ್ಜೆ ಹೋಗಿ ನಿಂತಳು. ಡಬ್ಬವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಮತ್ತೆ ಬದಲಾಯಿಸಿದಳು.

"ಅವತ್ತು ನಾಲ್ಕು ಜನ ಸೇರಿದ್ರೂ ಎತ್ತೋಕಾಗ್ಲಿಲ್ಲ. ಇವತ್ತು ನಾನೊಬ್ಳೇ, ಒಂದೇ ಕೈಲಿ. ಏನೋ ಹೋಗಿದೆ ಇದ್ರಿಂದ."

"ನೀರು!" ಎಂದು ಗೋಡೆ ಕಡೆಯಿಂದ ಧ್ವನಿ ಬಂತು. ಬಾಯಾಳಿ ಮೂಗು ಒರೆಸಿಕೊಂಡು ಈ ಕಡೆ ತಿರುಗಿದ್ದ. "ನೀರು ಹೋಗಿದೆ. ನಾನು ಹಾಕಿದ ಉಪ್ಪು ಎಲ್ಲೂ ಹೋಗಿಲ್ಲ."

"ಹಂಗಂತ ಹೆಂಗೆ ಗೊತ್ತು?" ಎಂದೆ. ಆ ದಿನ ನಾನು ಆಡಿದ್ದು ಅದೊಂದೇ ಮಾತು.

ಮಾರನೇ ದಿನ ಒಂದು ಸ್ಟೀಲ್ ತಟ್ಟೆಯಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಬರೀ ನೀರು ಹಾಕಿ ಬಿಸಿಲಿಗಿಟ್ಟರು. ಸಂಜೆಗೆ ಒಂದು ಖಾಲಿ, ಇನ್ನೊಂದರ ತಳದಲ್ಲಿ ಬಿಳಿಯ ಪೊರೆ. ಬಾಯಾಳಿ ಬೆರಳಿನಲ್ಲಿ ಕೆರೆದು ನೆಕ್ಕಿ, ನಿರಪರಾಧಿಯೆಂದು ಕೋರ್ಟು ಬಿಟ್ಟವನ ಹಾಗೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ.

ಆದರೆ ಮೀಟಿಂಗಿಗೆ ಉಳಿದದ್ದು ಒಂದು ಡಬ್ಬ ಉಪ್ಪು ಸಂಡಿಗೆ, ಒಂದು ಹಿಡಿ ಒಳ್ಳೆಯ ಸಂಡಿಗೆ. ಹೊಸದಾಗಿ ಮಾಡಿ ಒಣಗಿಸಲು ಸಮಯವಿರಲಿಲ್ಲ, ಎರಡು ದಿನದಿಂದ ಮೋಡವೂ ಕವಿದಿತ್ತು. ಎಚ್.ಎಂ. ಮೇಡಂ ಮತ್ತೆ ಗಾಂಧಿ ಬಜಾರಿನ ಹೆಸರು ಹೇಳಿದರು. ನಾನು ಮಕ್ಕಳನ್ನೇ ಕೇಳಿದೆ. ಅವರು ಗುಂಪು ಕಟ್ಟಿಕೊಂಡು ಗುಸುಗುಸು ಮಾಡಿದರು. "ಒಬ್ಬೊಬ್ರಿಗೆ ಇದು ಒಂದು, ಅದು ಅರ್ಧ ಕೊಡ್ತೀವಿ ಸಾರ್. ಯಾಕೆ ಹಿಂಗಾಯ್ತು ಅಂತ ನಾವು ಹೇಳಲ್ಲ. ಅವ್ರೇ ಕಂಡುಹಿಡೀಲಿ."

ಮೀಟಿಂಗಿನ ದಿನ ನಾನು ತೊಟ್ಟ ಅಂಗಿಯ ಬೆನ್ನು ಹತ್ತು ನಿಮಿಷದಲ್ಲೇ ಒದ್ದೆಯಾಯಿತು. ಪೋಷಕರೆಲ್ಲ ತಮ್ಮ ಮಕ್ಕಳ ಬೆಂಚಿನಲ್ಲಿ ಕೂತಿದ್ದರು. ಕಾಗದದ ತಟ್ಟೆಗಳು ಬಂದವು. ಹುಡುಗಿಯ ತಂದೆ ದೊಡ್ಡ ಸಂಡಿಗೆಯನ್ನು ಕಚ್ಚಿದರು. ಮುಖ ಹಿಂಡಿಕೊಂಡಿತು.

"ಇದೇನಮ್ಮ ಇದು, ಉಪ್ಪಿನ ಮೂಟೇನೇ ಹಾಕಿದೀರಾ?"

"ಈಗ ಈ ಅರ್ಧ ತಿನ್ನಪ್ಪ," ಎಂದಳು ಮಗಳು.

ತಿಂದರು. "ಇದು ಚೆನ್ನಾಗಿದೆ. ಬೇರೆಯವ್ರು ಮಾಡಿದ್ದಾ?"

"ಒಂದೇ ಪಾತ್ರೇಲಿ ಬೆಂದಿದ್ದು. ಇದಕ್ಕೆ ಒಂದ್ಸಲ ಉಪ್ಪು ಹಾಕಿದ್ವಿ. ರುಚಿ ನೋಡಿದಾಗ ಸಪ್ಪೆ ಇತ್ತು. ನೀನು ಫಸ್ಟ್ ತಿಂದಿದ್ದಕ್ಕೆ ಇನ್ನೊಂದ್ಸಲ ಹಾಕಿದ್ವಿ. ರುಚಿ ನೋಡಿದಾಗ ಕರೆಕ್ಟಾಗಿತ್ತು, ಸಾರೂ ನೋಡಿದಾರೆ. ಈಗ ಸಪ್ಪೆ ಇದ್ದಿದ್ದು ಕರೆಕ್ಟಾಗಿದೆ, ಕರೆಕ್ಟಾಗಿದ್ದಿದ್ದು ಉಪ್ಪಾಗಿದೆ. ಯಾಕೆ ಹೇಳು."

ಹಿಂದಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಬಾಯಿ ತೆರೆದರು. ಬಾಯಾಳಿ ಓಡಿಹೋಗಿ, "ಅಜ್ಜೀ, ನೀವು ಹೇಳಂಗಿಲ್ಲ!" ಎಂದು ಅಡ್ಡ ನಿಂತ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು.

ಕರಿದ ಎಣ್ಣೆ ಬೇರೆಯೇ ಎಂದು ಒಬ್ಬರು ಕೇಳಿದರು. ಅಲ್ಲ. ಉಪ್ಪಿನ ಬ್ರ್ಯಾಂಡ್? ಅಲ್ಲ. ಸರಿಯಾಗಿ ಕಲಸಿಲ್ಲ, ಒಂದು ಕಡೆ ನಿಂತುಬಿಟ್ಟಿದೆ? ಅಲ್ಲ ಎಂದು ಇಡೀ ಕ್ಲಾಸು ಒಟ್ಟಿಗೆ ಕೂಗಿತು. ಪರೀಕ್ಷೆಗೆ ಕೂತವರು ಯಾರು, ನಡೆಸುವವರು ಯಾರು ಎಂಬುದೇ ತಿರುವುಮುರುವಾಗಿತ್ತು. ಹುಡುಗಿಯ ತಂದೆ ಎರಡು ಚೂರುಗಳನ್ನೂ ಬೆರಳಿನಲ್ಲಿ ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು. "ರುಚಿ ನೋಡಿದಾಗ ಇದು ಹೆಂಗಿತ್ತು? ಗಂಜಿ ಥರ ನೀರ್ನೀರಾಗಿ?" ಎಂದು ಮಗಳನ್ನು ಕೇಳಿದರು. ಹೂಂ ಎಂದಳು. ಅವರ ತುಟಿ ಏನೋ ಲೆಕ್ಕ ಹಾಕುವಂತೆ ಅಲುಗಿತು.

"ಉಪ್ಪು ಅಷ್ಟೇ ಇದೆ. ನೀರು ಹೋಯ್ತು!" ಎಂದು ಅವರು ಬೆಂಚಿನಿಂದ ಎದ್ದೇಬಿಟ್ಟರು. ಎದ್ದ ರಭಸಕ್ಕೆ ಮಂಡಿ ಮೇಜಿಗೆ ಬಡಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಲವತ್ತು ದಾಟಿದ ಆ ಮನುಷ್ಯನ ಮುಖ ಒಂದು ಗಳಿಗೆ ಐದನೇ ಕ್ಲಾಸಿನ ಮುಖವಾಗಿತ್ತು. ಆಮೇಲೆ ಅವರಿಗೆ ಸಂಕೋಚವಾಯಿತೇನೋ, ಕೂತು ಕರ್ಚೀಫಿನಿಂದ ಬೆರಳು ಒರೆಸಿಕೊಂಡರು.

ಎಲ್ಲರೂ ಹೊರಟ ಮೇಲೆ ಅವರು ಬಾಗಿಲ ಹತ್ತಿರ ನಿಂತರು.

"ನಿಮಗೆ ಮೊದಲೇ ಗೊತ್ತಿತ್ತಲ್ವಾ ಸರ್?"

"ಗೊತ್ತಿತ್ತು."

"ನಾನು ಸೀಟ್ ಮಾತಾಡಿರೋದೂ ಗೊತ್ತಿತ್ತು. ಆದ್ರೂ ಹೇಳ್ಲಿಲ್ಲ."

"ಹೇಳೋಕೆ ಧೈರ್ಯ ಬರ್ಲಿಲ್ಲ, ಹೇಳ್ದೇ ಇರೋಕೂ ಧೈರ್ಯ ಬರ್ಲಿಲ್ಲ ಸರ್. ಅದಕ್ಕೇ ಒಂದು ಪಾತ್ರೆ ತೆಗೆದಿಡ್ಸಿದೆ."

ಅವರು ಹೆಲ್ಮೆಟ್ ಹಾಕಿಕೊಂಡು ಹೊರಟುಹೋದರು. ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಎಂಬುದನ್ನು ನನ್ನ ಹೆಂಡತಿ ಹೇಳಿದರೇ ಚೆನ್ನ. ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಶುಭೋದಯ ಎಂದರೂ ಬೆಚ್ಚುತ್ತಿದ್ದೆ. ಮಿಕ್ಕ ನಾಲ್ಕು ಮನೆಯವರೂ ಅವರೇನು ಮಾಡುತ್ತಾರೋ ನೋಡೋಣವೆಂದು ಸುಮ್ಮನಿದ್ದರು.

ಮಾರ್ಚ್ ಮುಗಿಯುತ್ತಿದ್ದಾಗ ಒಂದು ಮಧ್ಯಾಹ್ನ ಅವರ ಸ್ಕೂಟರು ಗೇಟಿನ ಹತ್ತಿರ ನಿಂತಿತು. ವರ್ಗಾವಣೆ ಪತ್ರ ಕೇಳಲು ಬಂದಿದ್ದಾರೆಂದೇ ತಿಳಿದು, ಮುಖ ಸರಿಮಾಡಿಕೊಂಡು ಹೋದೆ. ಅವರು ಸ್ಕೂಟರಿನಿಂದ ಇಳಿಯಲಿಲ್ಲ.

"ನೀವು ನಮ್ಮ ಮನೆ ಹಾಳು ಮಾಡಿದ್ರಿ ಸರ್."

"ಏನಾಯ್ತು ಸರ್?"

"ಮೊನ್ನೆ ಹೆಂಡತಿ ಸಾರಿಗೆ ಹುಳಿ ಹಾಕೋಕ್ ಹೋದ್ರೆ, ತಡಿಯಮ್ಮಾ ಅಂತ ಇವಳು ಒಂದು ಬಟ್ಟಲು ತೆಗೆದಿಟ್ಲು. ನಿನ್ನೆ ಗಿಡಕ್ಕೆ ಗೊಬ್ಬರ ತಂದೆ, ಒಂದು ಕುಂಡಕ್ಕೆ ಹಾಕ್ಬೇಡ ಅಂದ್ಲು. ಏನು ಬದಲಾಯಿಸೋಕೆ ಹೋದ್ರೂ, ಮೊದ್ಲಿದ್ದಿದ್ದು ಸ್ವಲ್ಪ ಪಕ್ಕಕ್ಕಿಡ್ಬೇಕಂತೆ. ಇಲ್ದಿದ್ರೆ ಯಾವುದ್ರಿಂದ ಏನಾಯ್ತು ಅಂತ ಹೆಂಗೆ ಗೊತ್ತಾಗುತ್ತೆ ಅಂತಾಳೆ. ನಮ್ಮನೇಲಿ ಈಗ ಪಾತ್ರೆ ಸಾಲ್ತಿಲ್ಲ." ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡಿದರು, ಸಡಿಲ ಮಾಡಿದರು. "ನಾನು ಇಷ್ಟೆಲ್ಲ ಓದಿದೆ ಸರ್. ಇದನ್ನ ನನಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ."

ನಾನೂ ಹೇಳಿಕೊಟ್ಟಿರಲಿಲ್ಲ. ನಾನು ಹೆದರಿದ್ದೆ ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಲು ಹೊರಟೆ, ಅವರು ಕೈ ಎತ್ತಿ ತಡೆದರು.

"ಪೂರ್ತಿ ಒಪ್ಪಿದೀನಿ ಅಂದ್ಕೋಬೇಡಿ. ಮಗ್ಗಿ ಮಾತ್ರ ಬಾಯಿಪಾಠ ಮಾಡಿಸ್ಲೇಬೇಕು."

"ಮಾಡಿಸ್ತೀನಿ ಸರ್. ನನಗೂ ಮಗ್ಗಿ ಇಷ್ಟ," ಎಂದೆ. ಅದು ಅವರನ್ನು ಒಲಿಸಲು ಆಡಿದ ಮಾತಲ್ಲ. ಚಾಮರಾಜಪೇಟೆಯ ಆ ತಾರಸಿಯಲ್ಲಿ ಕಾಗೆ ಓಡಿಸುತ್ತ ನಾವು ಕೂಗುತ್ತಿದ್ದದ್ದೂ ಮಗ್ಗಿಯನ್ನೇ.

ಅವರು ಸ್ಕೂಟರು ಶುರುಮಾಡಿದರು. ಹೊರಡುವ ಮೊದಲು ಕತ್ತು ತಿರುಗಿಸಿ ಕೇಳಿದರು:

"ಸರಿ, ಮುಂದಿನ ವರ್ಷ ಏನು ಕೆಡಿಸ್ತೀರಿ?"

"ಗೊತ್ತಿಲ್ಲ ಸರ್," ಎಂದೆ. "ನಿಮ್ಮ ಮಗಳನ್ನ ಕೇಳ್ಬೇಕು."